ಲೆಬನಾನಿನ ಉಗ್ರಾಣ

ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಲ್ಲಿ, ಭೂಪಟದ ಮೇಲೆ ಹೆಬ್ಬೆರಳಿಟ್ಟರೆ ಮರೆಯಾಗಿಬಿಡುವಷ್ಟು ಚಿಕ್ಕದಾದ ದೇಶ ಲೆಬನಾನ್. ಅದರ ವಿಸ್ತೀರ್ಣ 10,452 ಚದರ ಕಿಲೋಮೀಟರು. ಬೆಳಗಾವಿ ಜಿಲ್ಲೆಗಿಂತಲೂ ಕಿರಿದು. ಆದರೆ ಪ್ರಕೃತಿ ಅಷ್ಟು ಕಿರಿದಾದ ಅಂಗಳದಲ್ಲಿಯೇ ಎಲ್ಲ ಋತುಗಳನ್ನೂ ಹರಡಿಟ್ಟಿದೆ. ಸಮುದ್ರತೀರದಲ್ಲಿ ಕಿತ್ತಳೆ, ಬಾಳೆಗಳ ತೋಟ. ಅಲ್ಲಿಂದ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ನೆಲದಲ್ಲಿ ಬೂದುಹಸಿರಿನ ಆಲಿವ್ ಮರಗಳು. ಇನ್ನೂ ಮೇಲೆ ಸೇಬು ಮತ್ತು ಚೆರಿ. ಅದಕ್ಕೂ ಮೇಲೆ ವರ್ಷದ ಹಲವು ತಿಂಗಳು ಹಿಮ ಹೊದ್ದ ಶಿಖರಗಳು. ಶಿಖರಗಳನ್ನು ದಾಟಿ ಆಚೆ ಇಳಿದರೆ ದ್ರಾಕ್ಷಿಯ ಬೀಡಾದ ಬೆಕಾ ಕಣಿವೆ. ಅದರಾಚೆ ಮತ್ತೊಂದು ಪರ್ವತಶ್ರೇಣಿ, ಅದರ ಬೆನ್ನಿಗೆ ಸಿರಿಯ ದೇಶ. ಮುಂಜಾನೆ ಕಡಲ ತೀರದಿಂದ ಹೊರಟ ಪ್ರವಾಸಿ ಮಧ್ಯಾಹ್ನದ ಊಟದ ಹೊತ್ತಿಗೆ ಇವೆಲ್ಲವನ್ನೂ ಕಣ್ಣಾರೆ ಕಂಡುಬಿಡಬಹುದು.

ಇಷ್ಟೆಲ್ಲ ಇದ್ದರೂ ಈ ದೇಶ ತನ್ನ ಹೊಟ್ಟೆಯನ್ನು ತಾನೇ ತುಂಬಿಕೊಳ್ಳಲಾರದು. ರೊಟ್ಟಿಗೆ ಬೇಕಾದ ಗೋಧಿಯ ಬಹುಭಾಗ ಹಡಗಿನಲ್ಲಿ ಬರಬೇಕು. ಪ್ರಸಿದ್ಧವಾದ ಅಲ್ಲಿನ ಹಮ್ಮಸ್ ಎಂಬ ಕಡಲೆಯ ಮುದ್ದೆಗೆ ಬೇಕಾದ ಕಾಬೂಲಿ ಕಡಲೆಯೂ ಹೆಚ್ಚಾಗಿ ಪರದೇಶದ್ದೇ. ಆದರೂ ಲಂಡನ್, ಪ್ಯಾರಿಸ್, ಸಾವೊ ಪಾಲೊ, ಸಿಡ್ನಿ, ದುಬೈ ನಗರಗಳ ಅಂಗಡಿಗಳಲ್ಲಿ ಲೆಬನಾನಿನ ಜಾಡಿಗಳೂ ಸೀಸೆಗಳೂ ಸಾಲುಗಟ್ಟಿ ನಿಂತಿರುತ್ತವೆ. ಧಾನ್ಯವನ್ನು ಕೊಂಡು ತರುವ ದೇಶ ರುಚಿಯನ್ನು ಮಾರುತ್ತಿದೆ. ಈ ಮಾರಾಟ ಎಷ್ಟೋ ಮನೆಗಳನ್ನು ನೀರಿನ ಮೇಲೆ ತೇಲಿಸಿಟ್ಟ ಹಲಗೆಯಾದ ಬಗೆ ತಿಳಿಯಬೇಕಾದರೆ, ಮೊದಲು ಅಲ್ಲಿನ ಮನೆಯ ಉಗ್ರಾಣವನ್ನು ನೋಡಬೇಕು.

ಚಳಿಗಾಲದ ಬುತ್ತಿ

ಲೆಬನಾನ್ ಪರ್ವತದ ಹಳ್ಳಿಗಳಲ್ಲಿ ಚಳಿಗಾಲವೆಂದರೆ ಹಿಂದೆ ದಾರಿಗಳು ಹಿಮದಿಂದ ಮುಚ್ಚಿಹೋಗುವ ಕಾಲ. ಬೇಸಗೆಯಲ್ಲಿ ಬೆಳೆದದ್ದನ್ನು ಕಾಪಿಟ್ಟುಕೊಳ್ಳದ ಮನೆಗೆ ಮಾಘದ ಚಳಿಯಲ್ಲಿ ಉಪವಾಸವೇ ಗತಿ. ಆದಕಾರಣ ಅಲ್ಲಿನ ಗೃಹಿಣಿಯರು ತಲೆಮಾರುಗಳಿಂದ ‘ಮೂನೆ’ ಎಂಬ ಸಂಗ್ರಹವನ್ನು ಸಿದ್ಧಪಡಿಸುತ್ತ ಬಂದಿದ್ದಾರೆ. ಕನ್ನಡ ನಾಡಿನ ಮನೆಗಳಲ್ಲಿ ಬಿಸಿಲು ಕಾಲ ಬಂದೊಡನೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳ ಸಂಭ್ರಮ ಆರಂಭವಾಗುವಂತೆಯೇ ಇದು.

ಗೋಧಿಯನ್ನು ಬೇಯಿಸಿ, ಒಣಗಿಸಿ, ಒಡೆದು ಮಾಡಿದ ನುಚ್ಚಿಗೆ ಬುರ್ಘುಲ್ ಎಂದು ಹೆಸರು. ಅದನ್ನು ಮೊಸರಿನಲ್ಲಿ ಹುಳಿಬರಿಸಿ, ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ, ಅಂಗೈಯಲ್ಲಿ ತಿಕ್ಕಿ ಪುಡಿಮಾಡಿದರೆ ‘ಕಿಶ್ಕ್’ ಸಿದ್ಧ. ಚಳಿಯ ಮುಂಜಾವಿನಲ್ಲಿ ಅದರ ಗಂಜಿ ಮೈಗೆ ಕಾವು ಕೊಡುತ್ತದೆ. ಎಳೆಯ ಬದನೆಕಾಯಿಯ ಹೊಟ್ಟೆಗೆ ಅಕ್ರೋಟು, ಕೆಂಪು ಮೆಣಸು, ಬೆಳ್ಳುಳ್ಳಿ ತುಂಬಿ ಆಲಿವ್ ಎಣ್ಣೆಯಲ್ಲಿ ಮುಳುಗಿಸಿದ ‘ಮಕ್ದೂಸ್’, ನೀರು ಬಸಿದ ಮೊಸರನ್ನು ಉಂಡೆಕಟ್ಟಿ ಎಣ್ಣೆಯಲ್ಲಿಟ್ಟ ‘ಲಬನೆ’, ಎಳ್ಳು ಸೋಂಪು ಬೆರೆತ ಅಂಜೂರದ ಪಾಕ, ಹುಳಿದಾಳಿಂಬೆಯ ರಸವನ್ನು ಕುದಿಸಿ ಕಪ್ಪಗಾಗುವವರೆಗೆ ಬತ್ತಿಸಿದ ಗಟ್ಟಿರಸ, ಇವೆಲ್ಲ ಆ ಉಗ್ರಾಣದ ಒಡವೆಗಳು. ಓಮದ ಪರಿಮಳವನ್ನು ನೆನಪಿಗೆ ತರುವ ಬೆಟ್ಟದ ಗಿಡವೊಂದರ ಒಣಗಿದ ಎಲೆಗೆ ಎಳ್ಳನ್ನೂ ಸುಮಾಕ್ ಎಂಬ ಹುಳಿಗಾಯಿಯ ಪುಡಿಯನ್ನೂ ಬೆರೆಸಿದರೆ ‘ಝಾತರ್’ ಆಗುತ್ತದೆ. ಆಲಿವ್ ಎಣ್ಣೆಯಲ್ಲಿ ಕಲಸಿದ ಝಾತರನ್ನು ಹಿಟ್ಟಿನ ಮೇಲೆ ಸವರಿ ಸುಟ್ಟ ರೊಟ್ಟಿಯೇ ‘ಮನೂಶೆ’. ಬಡವ ಬಲ್ಲಿದರೆನ್ನದೆ ಎಲ್ಲರ ಬೆಳಗಿನ ಉಪಾಹಾರವಾದ ಇದನ್ನು 2023ರಲ್ಲಿ ಯುನೆಸ್ಕೊ ಸಂಸ್ಥೆ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂದು ಪರದೇಶಗಳಿಗೆ ಹೋಗುವ ಜಾಡಿಗಳಲ್ಲಿರುವುದು ಹೆಚ್ಚುಕಡಿಮೆ ಇದೇ ಸಾಮಗ್ರಿ. ಮನೆಯ ಉಗ್ರಾಣವೇ ಹಡಗನ್ನೇರಿದೆ.

ಹಳೆಯ ಹಡಗು, ಹಳೆಯ ಸರಕು

ಹಡಗನ್ನೇರುವುದು ಆ ನೆಲಕ್ಕೆ ಹೊಸತಲ್ಲ. ಬಿಬ್ಲೋಸ್, ಸಿದೋನ್, ಟೈರ್ ಪಟ್ಟಣಗಳ ಫಿನೀಷಿಯನ್ ವರ್ತಕರು ಕ್ರಿಸ್ತಪೂರ್ವದಲ್ಲಿಯೇ ಸೀಡರ್ ಮರವನ್ನೂ ದ್ರಾಕ್ಷಾರಸವನ್ನೂ ಎಣ್ಣೆಯನ್ನೂ ಹೇರಿಕೊಂಡು ಮೆಡಿಟರೇನಿಯನ್ನಿನ ಉದ್ದಗಲಕ್ಕೂ ಸಂಚರಿಸಿದವರು. 1999ರಲ್ಲಿ ಅಷ್ಕೆಲೋನ್ ತೀರದಾಚೆ, ಸುಮಾರು 400 ಮೀಟರ್ ಆಳದ ಕಡಲ ತಳದಲ್ಲಿ ಅಂಥ ಎರಡು ಹಡಗುಗಳನ್ನು ಸಂಶೋಧಕರು ಪರಿಶೀಲಿಸಿದರು. ಕ್ರಿಸ್ತಪೂರ್ವ 8ನೆಯ ಶತಮಾನದ ಆ ಹಡಗುಗಳಲ್ಲಿ ದ್ರಾಕ್ಷಾರಸ ತುಂಬಿದ್ದ ನೂರಾರು ಮಣ್ಣಿನ ಹೂಜಿಗಳು ಅಚ್ಚುಕಟ್ಟಾಗಿ ಸಾಲಿನಲ್ಲೇ ಕುಳಿತಿದ್ದವು. ಸಿದೋನಿನ ದಕ್ಷಿಣಕ್ಕಿರುವ ತೆಲ್ ಎಲ್-ಬುರಾಕ್ ದಿಬ್ಬದಲ್ಲಿ ಕ್ರಿಸ್ತಪೂರ್ವ 7ನೆಯ ಶತಮಾನದ, ಗಾರೆಯಿಂದ ಕಟ್ಟಿದ ದ್ರಾಕ್ಷಿಯ ತೊಟ್ಟಿಯೊಂದು ಬೆಳಕಿಗೆ ಬಂದ ಸಂಗತಿ 2020ರಲ್ಲಿ ಪ್ರಕಟವಾಯಿತು. ತುಳಿದ ದ್ರಾಕ್ಷಿಯ ರಸ ಸುಮಾರು 4,500 ಲೀಟರು ಹಿಡಿಯುವಷ್ಟು ದೊಡ್ಡ ತೊಟ್ಟಿ ಅದು. ಒಂದು ಮನೆಯ ಬಳಕೆಗೆ ಅಷ್ಟು ದೊಡ್ಡ ತೊಟ್ಟಿ ಬೇಕಾಗಿರಲಿಲ್ಲವೆಂಬುದು ಯಾರಿಗಾದರೂ ಹೊಳೆಯುವ ಮಾತು.

ರೇಷ್ಮೆ ಕಲಿಸಿದ ಪಾಠ

ಪರದೇಶದ ಗಿರಾಕಿಯನ್ನು ನಂಬಿ ಬಾಳುವುದರಲ್ಲಿ ಎಷ್ಟು ಅಪಾಯವಿದೆಯೆಂಬುದನ್ನೂ ಈ ಪರ್ವತ ಬಲ್ಲದು. 19ನೆಯ ಶತಮಾನದಲ್ಲಿ ಫ್ರಾನ್ಸಿನ ಲಿಯೋನ್ ನಗರದ ಮಗ್ಗಗಳಿಗೆ ಲೆಬನಾನಿನಿಂದ ರೇಷ್ಮೆ ಹೋಗುತ್ತಿತ್ತು. ಬೆಲೆ ಚೆನ್ನಾಗಿ ಸಿಕ್ಕಿತಾಗಿ, ಧಾನ್ಯ ಬೆಳೆಯಬಹುದಾದ ನೆಲದಲ್ಲಿಯೂ ಹಿಪ್ಪುನೇರಳೆ ಹಬ್ಬಿತು. ರಾಮನಗರ, ಚನ್ನಪಟ್ಟಣಗಳ ಕಡೆಯ ವಾಚಕರಿಗೆ ಆ ದೃಶ್ಯವನ್ನು ಬಣ್ಣಿಸಿ ಹೇಳಬೇಕಾಗಿಲ್ಲ.

ಮೊದಲನೆಯ ಮಹಾಯುದ್ಧ ಬಂದಿತು. ಸಮುದ್ರದಲ್ಲಿ ಮಿತ್ರರಾಷ್ಟ್ರಗಳ ದಿಗ್ಬಂಧನ, ನೆಲದ ಮೇಲೆ ತುರ್ಕಿ ಸೈನ್ಯದ ಧಾನ್ಯವಸೂಲಿ, 1915ರಲ್ಲಿ ಆಕಾಶದಿಂದ ಮಿಡತೆಗಳ ದಂಡು. ರೇಷ್ಮೆಯನ್ನು ಕೊಳ್ಳುವವರಿಲ್ಲ; ಕೊಂಡು ತರಲು ಧಾನ್ಯವಿಲ್ಲ. 1918ರ ವೇಳೆಗೆ ಲೆಬನಾನ್ ಪರ್ವತದ ಜನಸಂಖ್ಯೆಯಲ್ಲಿ ಮೂರರಲ್ಲೊಂದು ಪಾಲಿನಷ್ಟು ಜನ ಹಸಿವು ಮತ್ತು ರೋಗಗಳಿಗೆ ಬಲಿಯಾದರೆಂದು ಅಂದಾಜು. ರೇಷ್ಮೆಯ ಗೂಡನ್ನು ಬೇಯಿಸಿ ಉಣ್ಣಲಾಗುವುದಿಲ್ಲವೆಂಬ ಸತ್ಯವನ್ನು ಆ ಹಳ್ಳಿಗಳು ಬಲು ದುಬಾರಿ ಬೆಲೆ ತೆತ್ತು ಕಲಿತವು.

ಈ ದುರಂತಕ್ಕೆ ಮುಂಚೆಯೂ ಅನಂತರವೂ ಲಕ್ಷಾಂತರ ಜನ ಊರು ಬಿಟ್ಟು ಬ್ರೆಜಿಲ್, ಅರ್ಜೆಂಟೀನ, ಅಮೆರಿಕ, ಪಶ್ಚಿಮ ಆಫ್ರಿಕ, ಆಸ್ಟ್ರೇಲಿಯಗಳಿಗೆ ಹಡಗು ಹತ್ತಿದರು. ಹೋದವರ ನಾಲಗೆ ಮಾತ್ರ ಊರಿನಲ್ಲಿಯೇ ಉಳಿಯಿತು. ತಾಯಿ ಮಾಡುತ್ತಿದ್ದ ಝಾತರಿಗಾಗಿ, ಹಳ್ಳಿಯ ಎಣ್ಣೆಗಾಗಿ ಅವರು ಹಂಬಲಿಸಿದರು. ಇಂದಿನ ರಫ್ತುದಾರರಿಗೆ ಮೊಟ್ಟಮೊದಲ ಗಿರಾಕಿಗಳಾದವರು ಈ ವಲಸಿಗರೇ. ಅವರ ನೆರೆಹೊರೆಯವರು ಅವರ ಪಂಕ್ತಿಯಲ್ಲಿ ಕುಳಿತು ಉಂಡು ರುಚಿ ಕಂಡದ್ದು ಆಮೇಲಿನ ಮಾತು.

ಕಣಿವೆಯ ದ್ರಾಕ್ಷಿ

ಬೈರೂತಿನಿಂದ ದಮಾಸ್ಕಸಿಗೆ ಹೋಗುವ ಹೆದ್ದಾರಿ ಪರ್ವತವನ್ನು ಸುತ್ತಿ ಸುತ್ತಿ ಏರಿ, ಸುಮಾರು 1,500 ಮೀಟರ್ ಎತ್ತರದ ದಹ್ರ್ ಎಲ್-ಬೈದರ್ ಕಣಿವೆಬಾಗಿಲನ್ನು ದಾಟುತ್ತದೆ. ಅಲ್ಲಿಂದ ಕೆಳಗೆ ಬೆಕಾ ಕಣಿವೆ ಜಮಖಾನ ಹಾಸಿದಂತೆ ಕಾಣುತ್ತದೆ. ಇಳಿದೊಡನೆ ಸಿಕ್ಕುವ ಊರು ಶ್ತೌರ. ಲಬನೆಯನ್ನು ರೊಟ್ಟಿಯಲ್ಲಿ ಸುತ್ತಿಕೊಡುವ ಅಂಗಡಿಗಳ ಮುಂದೆ ಪ್ರಯಾಣಿಕರು ಗಾಡಿ ನಿಲ್ಲಿಸದೆ ಹೋಗುವುದಿಲ್ಲ. ಈ ರಸ್ತೆಯನ್ನು ಕಟ್ಟಲು ಬಂದಿದ್ದ ಫ್ರಾನ್ಸಿನ ಎಂಜಿನಿಯರ್ ಫ್ರಾನ್ಸ್ವಾ-ಯೂಜೀನ್ ಬ್ರನ್ ಊರಿಗೆ ಮರಳದೆ, 1868ರಲ್ಲಿ ಶ್ತೌರದಲ್ಲಿಯೇ ದೊಮೇನ್ ದೆ ತುರೆಲ್ ಎಂಬ ದ್ರಾಕ್ಷಾರಸದ ಮನೆಯನ್ನು ಸ್ಥಾಪಿಸಿದ. ಅದು ಇಂದಿಗೂ ನಡೆಯುತ್ತಿದೆ.

ಅಲ್ಲಿಂದ ಕೊಂಚ ದೂರದಲ್ಲಿ ಬೆರ್ದೌನಿ ಹೊಳೆಯ ದಂಡೆಯ ಝಹ್ಲೆ ಪಟ್ಟಣ. ನೀರಿನ ಪಕ್ಕದಲ್ಲಿಯೇ ಮೇಜು ಹಾಕಿದ ಭೋಜನಶಾಲೆಗಳಿಗೂ ‘ಅರಕ್’ ಎಂಬ ಪಾನೀಯಕ್ಕೂ ಅದು ಹೆಸರಾಂತ ಊರು. ಅರಬ್ಬಿಯಲ್ಲಿ ಅರಕ್ ಎಂದರೆ ಬೆವರು. ಭಟ್ಟಿಯ ತಾಮ್ರದ ಮುಚ್ಚಳದಲ್ಲಿ ಆವಿ ಹನಿಗೂಡುವುದನ್ನು ಕಂಡವರು ಇಟ್ಟ ಹೆಸರು. ಕರ್ನಾಟಕದಲ್ಲಿ 2007ರಲ್ಲಿ ನಿಷೇಧಕ್ಕೊಳಗಾದ ಸಾರಾಯಿಯನ್ನು ಸರಕಾರಿ ಕಾಗದಗಳಲ್ಲಿ ‘ಅರ್ಯಾಕ್’ ಎಂದು ಬರೆಯುತ್ತಿದ್ದುದೂ ಇದೇ ಶಬ್ದಮೂಲದಿಂದ. ಆದರೆ ಹೆಸರಿನ ನಂಟು ಬಿಟ್ಟರೆ ವಸ್ತು ಬೇರೆ. ಲೆಬನಾನಿನ ಅರಕ್ ದ್ರಾಕ್ಷಿಯಿಂದ ಇಳಿಸಿ, ಸೋಂಪು ಸೇರಿಸಿ ಮತ್ತೆ ಭಟ್ಟಿಗೆ ಹಾಕಿ, ಮಣ್ಣಿನ ಗುಡಾಣಗಳಲ್ಲಿ ತಣಿಯಗೊಟ್ಟದ್ದು. ನೀರು ಬೆರೆಸಿದೊಡನೆ ಹಾಲಿನಂತೆ ಬೆಳ್ಳಗಾಗುತ್ತದೆ. ಶ್ರೇಷ್ಠವೆನಿಸಿದ ಸೋಂಪು ಹೆರ್ಮೋನ್ ಪರ್ವತದ ಇಳಿಜಾರಿನಲ್ಲಿರುವ ಹೀನೆ ಎಂಬ ಸಿರಿಯದ ಹಳ್ಳಿಯದು.

ಝಹ್ಲೆಯ ಪಕ್ಕದ ಕ್ಸಾರದಲ್ಲಿ ಜೆಸ್ಯುಯಿಟ್ ಪಾದ್ರಿಗಳು 1857ರಲ್ಲಿ ದ್ರಾಕ್ಷಾರಸದ ತಯಾರಿಕೆ ಆರಂಭಿಸಿದರು. 1898ರಲ್ಲಿ ಅಲ್ಲಿ ರೋಮನರ ಕಾಲದ ಗುಹೆಯೊಂದು ಪತ್ತೆಯಾಯಿತು. ಅದರಿಂದ ಹೊರಟ ಸುರಂಗಗಳ ಒಟ್ಟು ಉದ್ದ ಸುಮಾರು 2 ಕಿಲೋಮೀಟರು. ಹೊರಗೆ ಬಿಸಿಲು ಉರಿಯುತ್ತಿದ್ದರೂ ಒಳಗೆ ಸದಾ ತಂಪು. ಸೀಸೆಗಳು ವರ್ಷಗಟ್ಟಲೆ ಮಲಗುವ ಈ ಸುರಂಗಗಳು ಪ್ರವಾಸಿಗಳಿಗೆ ನೋಡತಕ್ಕ ತಾಣ. 1973ರಲ್ಲಿ ಪಾದ್ರಿಗಳು ಇದನ್ನು ವರ್ತಕರಿಗೆ ಮಾರಿದರು.

ಎರಡೇ ವರ್ಷದಲ್ಲಿ, 1975ರಲ್ಲಿ, ಅಂತರ್ಯುದ್ಧ ಹೊತ್ತಿಕೊಂಡಿತು. ಅದು ಆರಿದ್ದು 1990ರಲ್ಲಿ. ಆ ಹದಿನೈದು ವರ್ಷಗಳ ಕಥೆಯಲ್ಲಿ ಶಾತೊ ಮುಸಾರ್ ಎಂಬ ಸಂಸ್ಥೆಯ ಹೆಸರು ಮತ್ತೆ ಮತ್ತೆ ಬರುತ್ತದೆ. ಗಾಸ್ತೊನ್ ಹೊಶಾರ್ 1930ರಲ್ಲಿ ಆರಂಭಿಸಿದ ಈ ಸಂಸ್ಥೆಯ ದ್ರಾಕ್ಷಿತೋಟ ಬೆಕಾದಲ್ಲಿ; ರಸ ತೆಗೆಯುವ ನೆಲಮಾಳಿಗೆ ಪರ್ವತದ ಈಚೆಗಿನ ಘಝೀರಿನಲ್ಲಿ. ನಡುವಿನ ದಾರಿಯಲ್ಲಿ ಒಂದಾದ ಮೇಲೊಂದು ಪಹರೆಯ ಠಾಣ್ಯ, ತಲೆಯ ಮೇಲೆ ಗುಂಡಿನ ಹಾರಾಟ. ಆದರೂ ಗಾಸ್ತೊನರ ಮಗ ಸೆರ್ಜ್ ಹೊಶಾರ್ ಕೆಲಸ ನಿಲ್ಲಿಸಲಿಲ್ಲ. 1976ರಲ್ಲಿ ಮಾತ್ರ ದ್ರಾಕ್ಷಾರಸ ತಯಾರಾಗಲಿಲ್ಲ. 1984ರಲ್ಲಿ ಸುತ್ತುದಾರಿ ಹಿಡಿದ ದ್ರಾಕ್ಷಿ ಹಾದಿಯಲ್ಲಿಯೇ ಹುದುಗಿತು. ದೇಶದೊಳಗೆ ಕೊಳ್ಳುವವರು ಚದರಿಹೋದಾಗ ಅವರು ಸೀಸೆಗಳನ್ನು ಹೊತ್ತು ಇಂಗ್ಲೆಂಡಿಗೆ ಹೋದರು. 1979ರ ಬ್ರಿಸ್ಟಲ್ ಮೇಳದಲ್ಲಿ ರಸಜ್ಞರು ಮೆಚ್ಚಿದರು. 1984ರಲ್ಲಿ ಡಿಕ್ಯಾಂಟರ್ ಪತ್ರಿಕೆ ಅವರನ್ನು ವರ್ಷದ ವ್ಯಕ್ತಿಯೆಂದು ಗೌರವಿಸಿತು. ಯುದ್ಧಕಾಲದಲ್ಲಿ ಪರದೇಶದ ಗಿರಾಕಿಯೇ ಆ ಸಂಸ್ಥೆಯನ್ನು ಬದುಕಿಸಿದ. ಯುದ್ಧ ಮುಗಿದಾಗ ಬೆರಳೆಣಿಕೆಯಷ್ಟಿದ್ದ ದ್ರಾಕ್ಷಾರಸದ ಮನೆಗಳು ಮುಂದಿನ ಮೂರು ದಶಕಗಳಲ್ಲಿ ಹಲವು ಹತ್ತುಗಳಾದವು.

ಹೂವಿನ ನೀರು, ಕಡಲೆಯ ಕದನ

ಮದ್ಯವನ್ನು ಮುಟ್ಟದವರಿಗೂ ಲೆಬನಾನಿನಲ್ಲಿ ಸತ್ಕಾರಕ್ಕೆ ಕೊರತೆಯಿಲ್ಲ. ಸಿದೋನಿನ ಮೇಲಣ ಗುಡ್ಡದ ಮೇಲಿರುವ ಮಗ್ದೂಶೆ ಎಂಬ ಹಳ್ಳಿ ವಸಂತ ಬಂದೊಡನೆ ಘಮಘಮಿಸತೊಡಗುತ್ತದೆ. ಕಹಿಕಿತ್ತಳೆಯ ಬಿಳಿ ಹೂಗಳನ್ನು ಬಿಡಿಸಿ ತಂದು, ತಾಮ್ರದ ಭಟ್ಟಿಯಲ್ಲಿ ನೀರಿನೊಡನೆ ಕಾಯಿಸಿ, ಹನಿ ಹನಿಯಾಗಿ ಹೂವಿನ ನೀರನ್ನು ಇಳಿಸುವುದು ಅಲ್ಲಿನ ಮನೆಮನೆಯ ಕೆಲಸ. ಇದನ್ನು ಸಿಹಿತಿಂಡಿಗಳ ಪಾಕಕ್ಕೆ ಬೆರೆಸುತ್ತಾರೆ. ಬಿಸಿನೀರಿಗೆ ಕೆಲವು ಹನಿ ಹಾಕಿ ‘ಬಿಳಿಯ ಕಾಫಿ’ ಎಂದು ಅತಿಥಿಗಳಿಗೆ ಕೊಡುವುದೂ ಉಂಟು. ಕಾಫಿಯ ಬೀಜ ಒಂದೂ ಇಲ್ಲದ ಈ ಕಾಫಿ ಬೆಂಗಳೂರಿನ ವಾಚಕರಿಗೆ ನಗೆ ತರಿಸಬಹುದು. ಉಂಡ ಹೊಟ್ಟೆಗೆ ಅದು ಹಿತವೆಂದು ಅಲ್ಲಿನ ಹಿರಿಯರ ನಂಬಿಕೆ. ಉತ್ತರಕ್ಕೆ ಹೋದರೆ ಕೂರ ಪ್ರಾಂತದ ಆಲಿವ್ ತೋಪುಗಳು, ಇನ್ನೂ ಮುಂದೆ ಸಿಹಿತಿಂಡಿಗಳ ತವರಾದ ತ್ರಿಪೋಲಿ. 1881ರಿಂದ ನಡೆದುಬಂದಿರುವ ಹಲ್ಲಾಬ್ ಮನೆತನದ ಮಿಠಾಯಿ ಆ ಊರಿನ ಹೆಗ್ಗುರುತು.

ಹಮ್ಮಸಿನ ಕಥೆ ಬೇರೆಯೇ. ಬೆಂದ ಕಾಬೂಲಿ ಕಡಲೆಗೆ ತಹೀನಿ ಎಂಬ ಎಳ್ಳಿನ ಮುದ್ದೆ, ನಿಂಬೆರಸ, ಬೆಳ್ಳುಳ್ಳಿ ಕೂಡಿಸಿ ಅರೆದ ಈ ವ್ಯಂಜನ ಜಗತ್ತಿನ ಮಾರುಕಟ್ಟೆಗಳಲ್ಲಿ ಕೋಟಿಗಟ್ಟಲೆ ಬೆಲೆಬಾಳುವ ಸರಕಾದಾಗ, ಅದರ ಲಾಭ ಇಸ್ರೇಲಿ ಹೆಸರಿನ ಡಬ್ಬಿಗಳಿಗೆ ಹೋಗುತ್ತಿದೆಯೆಂದು ಲೆಬನಾನಿನ ಉದ್ಯಮಿಗಳು ಕಳವಳಗೊಂಡರು. ಗ್ರೀಸ್ ದೇಶ ಫೆಟಾ ಗಿಣ್ಣಿನ ಹೆಸರನ್ನು ಕಾಯಿದೆಯಿಂದ ಕಾಪಾಡಿಕೊಂಡಂತೆ ಹಮ್ಮಸಿನ ಹೆಸರೂ ತಮಗೆ ಮೀಸಲಾಗಬೇಕೆಂದು 2008ರಲ್ಲಿ ಅಲ್ಲಿನ ಉದ್ಯಮಿಗಳ ಸಂಘ ಕೂಗೆಬ್ಬಿಸಿತು. ವ್ಯಾಜ್ಯ ಅಡುಗೆಮನೆಗೂ ಇಳಿಯಿತು. 2009ರಲ್ಲಿ ಬೈರೂತಿನವರು ಸುಮಾರು 2 ಟನ್ ಹಮ್ಮಸ್ ಕಲಸಿ ದಾಖಲೆ ಸ್ಥಾಪಿಸಿದರು. 2010ರ ಜನವರಿಯಲ್ಲಿ ಇಸ್ರೇಲಿನ ಅಬು ಘೋಷ್ ಊರಿನವರು 4 ಟನ್ನಿನಷ್ಟು ಕಲಸಿದರು. ಅದೇ ಮೇ ತಿಂಗಳಲ್ಲಿ ಲೆಬನಾನಿನ ಬಾಣಸಿಗರು 10,452 ಕಿಲೋಗ್ರಾಂ ತೂಗುವ ಹಮ್ಮಸನ್ನು ಒಂದೇ ಹರಿವಾಣದಲ್ಲಿ ಬಡಿಸಿದರು. ದೇಶದ ಚದರ ಕಿಲೋಮೀಟರಿಗೆ ಒಂದೊಂದು ಕಿಲೋಗ್ರಾಂ! ದಾಖಲೆಯೇನೋ ದಕ್ಕಿತು, ಹೆಸರಿನ ಹಕ್ಕು ದಕ್ಕಲಿಲ್ಲ. ಸಿರಿಯ, ಪ್ಯಾಲೆಸ್ಟೈನ್, ಈಜಿಪ್ಟುಗಳ ಅಡುಗೆಮನೆಗಳೂ ತಮ್ಮದೆನ್ನುವ ತಿನಿಸಿಗೆ ಒಬ್ಬನೇ ಒಡೆಯನನ್ನು ಗೊತ್ತುಮಾಡುವುದು ಸುಲಭವಲ್ಲ.

ಹಣವೇ ಹಳಸಿದಾಗ

1997ರಿಂದ ಒಂದು ಡಾಲರಿಗೆ ಸುಮಾರು 1,507 ಪೌಂಡಿನಂತೆ ನಿಂತಿದ್ದ ಲೆಬನಾನಿನ ನಾಣ್ಯ 2019ರ ಕೊನೆಯಲ್ಲಿ ಕುಸಿಯತೊಡಗಿತು. 2023ರ ಮಾರ್ಚಿನಲ್ಲಿ ಹೊರ ಮಾರುಕಟ್ಟೆಯಲ್ಲಿ ಅದೇ ಡಾಲರಿಗೆ 1,00,000 ಪೌಂಡು ಮೀರಿತು. ಬ್ಯಾಂಕುಗಳು ಠೇವಣಿದಾರರ ಡಾಲರುಗಳನ್ನು ತಡೆಹಿಡಿದವು. ಜೀವಮಾನವೆಲ್ಲ ದುಡಿದು ಕೂಡಿಟ್ಟವರು ತಮ್ಮದೇ ಹಣಕ್ಕಾಗಿ ಬ್ಯಾಂಕಿನ ಬಾಗಿಲಲ್ಲಿ ಕಾಯಬೇಕಾಯಿತು. 19ನೆಯ ಶತಮಾನದ ನಡುಗಾಲದಿಂದ ಈಚೆಗೆ ಜಗತ್ತು ಕಂಡ ಅತಿ ಕಠಿಣ ಆರ್ಥಿಕ ವಿಪತ್ತುಗಳಲ್ಲಿ ಇದೂ ಒಂದೆಂದು ವಿಶ್ವಬ್ಯಾಂಕು 2021ರಲ್ಲಿ ಹೇಳಿತು.

ಬ್ಯಾಂಕಿನಲ್ಲಿ ಸಿಕ್ಕಿಬಿದ್ದ ಹಳೆಯ ಡಾಲರಿಗೂ ಹೊರಗಿನಿಂದ ಹೊಸದಾಗಿ ಬಂದ ಡಾಲರಿಗೂ ಬೆಲೆಯಲ್ಲಿ ವ್ಯತ್ಯಾಸವಾಯಿತು. ಹೊಸದಕ್ಕೆ ಜನ ‘ಫ್ರೆಶ್ ಡಾಲರ್’ ಎಂದು ಹೆಸರಿಟ್ಟರು. ತರಕಾರಿಯಲ್ಲಿ ಹಳತು ಹೊಸತು ನೋಡುವಂತೆ ಹಣದಲ್ಲಿಯೂ ನೋಡುವ ಕಾಲ ಬಂದಿತು. ಸೀಸೆ, ಬಿರಡೆ, ಮುಚ್ಚಳ, ಜನರೇಟರಿನ ಡೀಸೆಲು, ಎಲ್ಲಕ್ಕೂ ಹೊಸ ಡಾಲರೇ ಬೇಕು. ಅದನ್ನು ತರಬಲ್ಲವನು ಪರದೇಶದ ಗಿರಾಕಿ ಒಬ್ಬನೇ. ಅಲ್ಲಿಯವರೆಗೆ ಊರ ಅಂಗಡಿಗೆ ಮಾತ್ರ ಮಾರುತ್ತಿದ್ದ ಸಣ್ಣ ಉತ್ಪಾದಕರೂ, ಹಳ್ಳಿಯ ಮಹಿಳಾ ಸಹಕಾರ ಸಂಘಗಳೂ ಹೊರದೇಶದ ಬೇಡಿಕೆಯತ್ತ ಕಣ್ಣಿಟ್ಟದ್ದು ಲಾಭದ ಆಸೆಯಿಂದಲ್ಲ, ಉಳಿವಿನ ಚಿಂತೆಯಿಂದ. 2006ರಲ್ಲಿ ಹುಟ್ಟಿದ ‘ಫೇರ್ ಟ್ರೇಡ್ ಲೆಬನಾನ್’ ಸಂಸ್ಥೆಯಂಥವು ಅಂಥ ಹಳ್ಳಿಗರ ಜಾಡಿಗಳನ್ನು ಯೂರೋಪಿನ ಅಂಗಡಿಗಳಿಗೆ ಮುಟ್ಟಿಸುವ ಕೆಲಸ ಮಾಡುತ್ತ ಬಂದಿವೆ.

ಈ ಸಂಕಟದ ನಡುವೆಯೇ 2020ರ ಆಗಸ್ಟ್ 4ರಂದು ಬೈರೂತಿನ ಬಂದರಿನಲ್ಲಿ ಶೇಖರವಾಗಿದ್ದ ಅಮೋನಿಯಂ ನೈಟ್ರೇಟ್ ಸ್ಫೋಟಿಸಿತು. ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಗೋಧಿಯ ದೊಡ್ಡ ಕಣಜಗಳು ಸೀಳಿಹೋದವು. ನಗರದ ಕಿಟಕಿಗಳೆಲ್ಲ ಚೂರುಚೂರಾದವು. ಸ್ವಯಂಸೇವಕರು ಆ ಗಾಜಿನ ಚೂರುಗಳನ್ನು ಗುಡಿಸಿ ತ್ರಿಪೋಲಿಯ ಗಾಜಿನ ಕುಲುಮೆಗಳಿಗೆ ಕಳುಹಿಸಿದರು. ಅಲ್ಲಿ ಅವು ಕರಗಿ ಹೂಜಿಗಳೂ ಜಾಡಿಗಳೂ ಆದವು. ಗಾಜಿಗೆ ಅಲ್ಲಿ ಎಷ್ಟು ಬೆಲೆಯೆಂಬುದಕ್ಕೆ ಮತ್ತೊಂದು ನಿದರ್ಶನವುಂಟು. ಭಾರತೀಯ ಮೂಲದ ಮಾಧ್ವಾನಿ ಮನೆತನಕ್ಕೆ ಸೇರಿದ್ದ, ಬೆಕಾ ಕಣಿವೆಯ ಮಾಲಿಬನ್ ಗಾಜಿನ ಕಾರ್ಖಾನೆ 2006ರ ಯುದ್ಧದಲ್ಲಿ ಬಾಂಬಿಗೆ ಸಿಕ್ಕಿ ನಾಶವಾದಾಗ, ಕಣಿವೆಯಲ್ಲಿಯೇ ಸಿಗುತ್ತಿದ್ದ ಸೀಸೆಯನ್ನು ಹೊರಗಿನಿಂದ ತರಿಸಬೇಕಾಯಿತು.

ದಾರಿಯೂ ನಂಬಿಕೆಯೂ

ಜಾಡಿ ತುಂಬಿದ ಮಾತ್ರಕ್ಕೆ ಗಿರಾಕಿಯ ಮನೆ ಮುಟ್ಟುವುದಿಲ್ಲ. ಲೆಬನಾನಿನ ಲಾರಿಗಳು ಸಿರಿಯ, ಜೋರ್ಡಾನ್‌ಗಳನ್ನು ಹಾದು ಕೊಲ್ಲಿ ರಾಷ್ಟ್ರಗಳಿಗೆ ಹೋಗಬೇಕು. ಸಿರಿಯದ ಅಂತರ್ಯುದ್ಧದಿಂದಾಗಿ 2015ರ ಏಪ್ರಿಲಿನಲ್ಲಿ ನಸೀಬ್ ಗಡಿ ಮುಚ್ಚಿತು. ಅದು ತೆರೆದದ್ದು 2018ರ ಅಕ್ಟೋಬರಿನಲ್ಲಿ. ಮೂರೂವರೆ ವರ್ಷ ಹಣ್ಣು ತರಕಾರಿಗಳ ಲಾರಿಗಳು ಹಡಗನ್ನೇರಿ ಸುತ್ತುಹಾದಿಯಲ್ಲಿ ಸಾಗಿದವು.

ಅದಕ್ಕಿಂತ ಘೋರವಾದದ್ದು 2021ರ ಪೆಟ್ಟು. ದಾಳಿಂಬೆಯ ಹೊರೆಯೊಂದರಲ್ಲಿ, ಹಣ್ಣಿನ ಒಡಲಲ್ಲಿಯೇ, ಲಕ್ಷಗಟ್ಟಲೆ ಮಾದಕ ಗುಳಿಗೆಗಳನ್ನು ಅಡಗಿಸಿದ್ದನ್ನು ಸೌದಿ ಅರೇಬಿಯದ ಸುಂಕಾಧಿಕಾರಿಗಳು ಪತ್ತೆಹಚ್ಚಿದರು. ಏಪ್ರಿಲಿನಲ್ಲಿ ಲೆಬನಾನಿನ ಹಣ್ಣು ತರಕಾರಿಗಳಿಗೆಲ್ಲ ಆ ದೇಶದ ಬಾಗಿಲು ಮುಚ್ಚಿತು. ಅದೇ ಅಕ್ಟೋಬರಿನಲ್ಲಿ ರಾಜಕೀಯ ವಿರಸವೂ ಸೇರಿ ಎಲ್ಲ ಸರಕುಗಳಿಗೂ ನಿಷೇಧ ಬಂದಿತು. ಕಳ್ಳಸಾಗಣೆಗಾರರು ಮಾಡಿದ ಪಾಪಕ್ಕೆ ಪ್ರಾಮಾಣಿಕ ರೈತ ದಂಡ ತೆತ್ತ. ಬಹುಕಾಲದ ಗಿರಾಕಿ ಕೈತಪ್ಪಿದ ಮೇಲೆ ಆ ವರ್ಷದ ಫಸಲನ್ನು ಸಿಕ್ಕ ಬೆಲೆಗೆ ಮಾರದೆ ಅವನಿಗೆ ಬೇರೆ ದಾರಿಯಿರಲಿಲ್ಲ. ಆಹಾರದ ವ್ಯಾಪಾರದಲ್ಲಿ ನಿಜವಾದ ಬಂಡವಾಳ ನಂಬಿಕೆಯೇ ಎಂಬುದನ್ನು ಈ ಪ್ರಸಂಗ ಎತ್ತಿ ತೋರಿಸಿತು. ತಹೀನಿಯಲ್ಲಿ ರೋಗಾಣುವಿಲ್ಲ, ಬೀಜಗಳಲ್ಲಿ ಬೂಷ್ಟಿನ ವಿಷವಿಲ್ಲ, ಝಾತರಿನಲ್ಲಿ ಕಲಬೆರಕೆಯಿಲ್ಲ ಎಂದು ಪ್ರಯೋಗಶಾಲೆಯ ಪತ್ರವಿಲ್ಲದೆ ಯೂರೋಪಿನ ವರ್ತಕ ಹೊರೆಯನ್ನು ಇಳಿಸಿಕೊಳ್ಳುವುದಿಲ್ಲ. ಅಜ್ಜಿಯ ಕೈಯಳತೆ ಈಗ ತೂಕದ ಯಂತ್ರದ ಅಳತೆಯಾಗಬೇಕಾಗಿದೆ.

2024ರ ಸೆಪ್ಟೆಂಬರಿನಲ್ಲಿ ಇಸ್ರೇಲಿನ ದಾಳಿ ತೀವ್ರವಾದಾಗ ಬೆಕಾದಲ್ಲಿ ದ್ರಾಕ್ಷಿಯ ಕೊಯ್ಲಿನ ಕಾಲ. ಅದು ಮುಗಿಯುವ ಹೊತ್ತಿಗೆ ದಕ್ಷಿಣದಲ್ಲಿ ಆಲಿವ್ ಬಿಡಿಸುವ ಕಾಲ. ಗಡಿಯ ಎಷ್ಟೋ ಹಳ್ಳಿಗಳು ಖಾಲಿಯಾಗಿ ಕಾಯಿಗಳು ಮರದಲ್ಲಿಯೇ ಉಳಿದವು. ನವೆಂಬರ್ 27ರಂದು ಕದನವಿರಾಮ ಜಾರಿಗೆ ಬಂದಾಗ ಆ ವರ್ಷದ ಎಣ್ಣೆಯ ಕಾಲ ಮುಗಿಯುತ್ತ ಬಂದಿತ್ತು. ಆಲಿವ್ ಮರ ಬೆಂಕಿಗೆ ಆಹುತಿಯಾದರೆ ಹೊಸ ಸಸಿ ತುಂಬು ಫಲ ಕೊಡುವುದಕ್ಕೆ ಹಲವು ವರ್ಷ ಕಾಯಬೇಕು.

ಇಷ್ಟಾದರೂ ಈ ವ್ಯಾಪಾರ ನಿಂತಿಲ್ಲವೇಕೆ? ರೇಷ್ಮೆಗೂ ಇದಕ್ಕೂ ಇರುವ ಅಂತರದಲ್ಲಿ ಉತ್ತರ ದೊರೆಯುತ್ತದೆ. ರೇಷ್ಮೆ ಪರರ ಮಗ್ಗಕ್ಕಾಗಿ ಬೆಳೆದ ಬೆಳೆ. ಪರರು ಕೊಳ್ಳದಿದ್ದ ದಿನ ಅದು ಯಾವ ಪ್ರಯೋಜನಕ್ಕೂ ಬಾರದೆ ಹೋಯಿತು. ಕಿಶ್ಕ್, ಝಾತರ್, ಆಲಿವ್ ಎಣ್ಣೆಗಳು ಹಾಗಲ್ಲ. ಅವು ಮೊದಲು ಮನೆಯ ಮಕ್ಕಳಿಗಾಗಿ ಮಾಡಿದವು, ಮಿಕ್ಕದ್ದು ಹಡಗಿಗೆ. ಬಂದರು ಮುಚ್ಚಿದರೆ ಜಾಡಿ ಉಗ್ರಾಣಕ್ಕೆ ಮರಳುತ್ತದೆ. ಅದೊಂದರಿಂದಲೇ ದೇಶದ ಹಸಿವು ಹಿಂಗಲಾರದು, ಗೋಧಿ ಇನ್ನೂ ಸಮುದ್ರದಾಚೆಯಿಂದಲೇ ಬರಬೇಕು, ನಿಜ. ಆದರೆ 1915ರಲ್ಲಿ ಬರಿದಾಗಿದ್ದ ಆ ಮನೆಗಳ ಕಪಾಟಿನಲ್ಲಿ ಈಗ ಏನೋ ಒಂದಷ್ಟು ಇದೆ. ಆದಕಾರಣವೇ ಪ್ರತಿವರ್ಷ ಬೇಸಗೆ ಕಳೆಯುತ್ತಿದ್ದಂತೆ, ಡಾಲರು ಏರಲಿ ಇಳಿಯಲಿ, ಗಡಿ ತೆರೆಯಲಿ ಮುಚ್ಚಲಿ, ಪರ್ವತದ ಹೆಂಗಸರು ಮಾಳಿಗೆಯ ಮೇಲೆ ಬಿಳಿಯ ಬಟ್ಟೆ ಹಾಸಿ ಕಿಶ್ಕ್ ಹರವುತ್ತಾರೆ.